ತಂತಿವಾದ್ಯಗಳ ಮೇಳ

ನಮ್ಮ ಚನ್ನರಾಯಪಟ್ಟಣದ ಸೀಮೆಯಲ್ಲಿ ಸಂಗೀತಕಚೇರಿಯೆಂದರೆ ಅದರ ಆಕಾರ ಎಲ್ಲರಿಗೂ ತಿಳಿದದ್ದೇ. ನಡುವೆ ಹಾಡುವವರೊಬ್ಬರು, ಒಂದು ಪಕ್ಕದಲ್ಲಿ ಪಿಟೀಲಿನವರೊಬ್ಬರು, ಇನ್ನೊಂದು ಪಕ್ಕದಲ್ಲಿ ಮೃದಂಗದವರೊಬ್ಬರು, ಹಿಂದೆ ತಂಬೂರಿ. ರಾಮನವಮಿಯ ಚಪ್ಪರವಾಗಲಿ ಗಣಪತಿಯ ಪೆಂಡಾಲಾಗಲಿ, ಈ ನಾಲ್ವರಿಗಿಂತ ಹೆಚ್ಚು ಜನ ವೇದಿಕೆಯ ಮೇಲೆ ಕುಳಿತರೆ ಅದು ವಿಶೇಷವೇ ಸರಿ. ಇಂತಹ ಕಚೇರಿಗಳಲ್ಲಿ ಕಿವಿ ಪಳಗಿಸಿಕೊಂಡವರು, ದೂರದರ್ಶನದಲ್ಲಿಯೋ ಬೆಂಗಳೂರಿನ ಯಾವುದಾದರೊಂದು ಸಭಾಭವನದಲ್ಲಿಯೋ, ಇಪ್ಪತ್ತು ಮೂವತ್ತು ಮಂದಿ ಸಾಲಾಗಿ ಕುಳಿತು ಏಕಕಾಲಕ್ಕೆ ಕಮಾನು ಎಳೆಯುವುದನ್ನು ಮೊದಲ ಬಾರಿಗೆ ನೋಡಿದಾಗ ಸಹಜವಾಗಿಯೇ ಒಂದು ಪ್ರಶ್ನೆ ಹುಟ್ಟುವುದು. ಒಬ್ಬ ವಿದ್ವಾಂಸನು ಚೆನ್ನಾಗಿ ನುಡಿಸಬಲ್ಲುದನ್ನು ಮೂವತ್ತು ಜನ ಏತಕ್ಕೆ ನುಡಿಸಬೇಕು? ಗಟ್ಟಿಯಾಗಿ ಕೇಳಿಸಲೆಂದೆ? ಅದಕ್ಕೆ ಈಗ ಧ್ವನಿವರ್ಧಕ ಯಂತ್ರವಿದೆಯಲ್ಲ!

ಪ್ರಶ್ನೆ ನ್ಯಾಯವಾದುದೇ. ಆದರೆ ಗಟ್ಟಿತನದ ಲೆಕ್ಕವನ್ನು ಮೊದಲು ತೆಗೆದುಹಾಕಿಬಿಡೋಣ. ಹತ್ತು ಪಿಟೀಲುಗಳು ಒಟ್ಟಿಗೆ ನುಡಿದರೆ ಒಂದರ ಹತ್ತರಷ್ಟು ಗಟ್ಟಿಯಾಗಿ ಕೇಳಿಸುತ್ತದೆಂದು ಯಾರಾದರೂ ಎಣಿಸಿದ್ದರೆ ಅದು ಸರಿಯಲ್ಲ. ನಮ್ಮ ಕಿವಿಯ ಅಳತೆಯೇ ಬೇರೆ. ಹತ್ತು ಪಿಟೀಲು ಸೇರಿದರೆ ಕಿವಿಗೆ ಸುಮಾರು ಎರಡರಷ್ಟು ಎಂದು ತೋರುವುದು, ಅಷ್ಟೆ. ಕೇವಲ ಸದ್ದಿಗಾಗಿ ಹತ್ತು ಜನರಿಗೆ ಸಂಬಳ ಕೊಡುವುದು ದಂಡ. ಹೆಚ್ಚುವುದು ಗಟ್ಟಿತನವಲ್ಲ, ನಾದದ ಜಾತಿ. ಹತ್ತು ಕೈಗಳು ಒಂದೇ ಸ್ವರವನ್ನು ಹಿಡಿದರೂ ಕೂದಲೆಳೆಯಷ್ಟು ವ್ಯತ್ಯಾಸ ಉಳಿದೇ ಇರುವುದು. ಆ ಸಣ್ಣ ಸಣ್ಣ ವ್ಯತ್ಯಾಸಗಳೆಲ್ಲ ಒಂದರೊಳಗೊಂದು ಕರಗಿ, ಒಂಟಿ ಪಿಟೀಲಿನಲ್ಲಿ ಕೇಳುವ ಕಮಾನಿನ ಉಜ್ಜು, ಅಂಚಿನ ಕರಕು ಮಾಯವಾಗಿ, ರೇಷ್ಮೆಯ ಹಾಸಿನಂತಹ ಒಂದು ನಾದ ಹುಟ್ಟುತ್ತದೆ. ಇದನ್ನು ಯಾವ ಧ್ವನಿವರ್ಧಕವೂ ಮಾಡಲಾರದು. ಅದು ಕರಕನ್ನೂ ಸೇರಿಸಿ ದೊಡ್ಡದು ಮಾಡುವ ಯಂತ್ರ.

ಮೇಳವೆಂಬುದು ಪಶ್ಚಿಮದಿಂದ ಬಂದ ಹೊಸ ಪದಾರ್ಥವೆಂದು ಕೆಲವರು ತಿಳಿದಿರುವುದುಂಟು. ಪಿಟೀಲು ಪಶ್ಚಿಮದಿಂದ ಬಂದದ್ದು ನಿಜ. ಮೇಳದ ಭಾವನೆ ಮಾತ್ರ ನಮ್ಮಲ್ಲಿ ಬಹು ಪ್ರಾಚೀನ. ಭರತನ ನಾಟ್ಯಶಾಸ್ತ್ರದಲ್ಲಿಯೇ ವಾದ್ಯಗಾರರ ಗುಂಪಿಗೆ ಕುತಪವೆಂದು ಹೆಸರಿದೆ. ಗಾಯಕನೂ ಅವನ ಪರಿವಾರವೂ, ವೀಣೆಯವರೂ, ಕೊಳಲಿನವರೂ ಸೇರಿದರೆ ಅದು ತತಕುತಪ, ತತವೆಂದರೆ ತಂತಿವಾದ್ಯ. ೧೩ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಸ್ಥಾನದಲ್ಲಿದ್ದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದಲ್ಲಿ ಈ ವಿಷಯವನ್ನು ಇನ್ನೂ ಬಿಗಿಯಾಗಿ ಹೇಳುತ್ತಾನೆ. ಉತ್ತಮವಾದ ಗಾಯಕವೃಂದದಲ್ಲಿ ಮುಖ್ಯ ಗಾಯಕರು ನಾಲ್ವರು, ಅವರಿಗೆ ಸಮನಾಗಿ ಹಾಡತಕ್ಕವರು ಎಂಟು ಮಂದಿ, ಗಾಯಕಿಯರು ಹನ್ನೆರಡು ಮಂದಿ, ಕೊಳಲಿನವರು ನಾಲ್ವರು, ಮದ್ದಳೆಯವರು ನಾಲ್ವರು. ಒಟ್ಟು ೩೨ ಜನ. ನಮ್ಮ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಲಕ್ಷ್ಮೀನರಸಿಂಹನ ಗುಡಿ ಎದ್ದದ್ದು ೧೨೪೬ರಲ್ಲಿ, ಅಂದರೆ ಶಾರ್ಙ್ಗದೇವನ ಶತಮಾನದಲ್ಲಿಯೇ. ಬೇಲೂರಿನ ಮದನಿಕೆಯರ ಪಕ್ಕದಲ್ಲಿ ಮದ್ದಳೆ ಹಿಡಿದು ನಿಂತಿರುವ ಪುಟ್ಟ ವಾದಕರನ್ನು ನೋಡಿದವರಿಗೆ, ಆ ಕಾಲದವರು ಒಬ್ಬಳು ಕುಣಿಯುವುದಕ್ಕೂ ಸುತ್ತ ಹಲವರು ಬೇಕೆಂದು ತಿಳಿದಿದ್ದರೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಶಾರ್ಙ್ಗದೇವನು ವೃಂದಕ್ಕೆ ಆರು ಗುಣಗಳಿರಬೇಕೆನ್ನುತ್ತಾನೆ. ಮುಖ್ಯನನ್ನು ಅನುಸರಿಸುವುದು, ಒಬ್ಬರೊಳಗೊಬ್ಬರು ಬೆರೆಯುವುದು, ತಾಳದ ನಡೆಯನ್ನು ಬಿಡದಿರುವುದು, ಮಂದ್ರ ಮಧ್ಯ ತಾರಗಳೆಂಬ ಮೂರು ಸ್ಥಾನಗಳಲ್ಲಿಯೂ ವ್ಯಾಪಿಸುವ ಶಕ್ತಿ, ಎಲ್ಲರ ಶಬ್ದವೂ ಒಂದೇ ತೆರನಾಗಿರುವುದು. ಈ ಐದೂ ಯಾರಿಗಾದರೂ ಹೊಳೆಯತಕ್ಕವೇ. ನಾವು ಬೇಕೆಂದೇ ಹಿಂದೆ ಉಳಿಸಿಕೊಂಡ ಆರನೆಯದು ತ್ರುಟಿತನಿರ್ವಾಹ. ಅಂದರೆ ಒಬ್ಬನಲ್ಲಿ ಕಡಿದುಹೋದುದನ್ನು ಮತ್ತೊಬ್ಬನು ತುಂಬಿ ನಡೆಸುವುದು. ಇದು ಪರಸ್ಪರ ನಡೆಯಬೇಕೆಂಬುದನ್ನೂ ಗ್ರಂಥಕಾರನು ಸೇರಿಸಿಯೇ ಹೇಳಿದ್ದಾನೆ. ಅವನು ಬರೆದದ್ದು ಹಾಡುವವರನ್ನು ಕುರಿತು. ಆದರೆ ಇಂದಿನ ತಂತಿಯ ಮೇಳವನ್ನು ಹತ್ತಿರದಿಂದ ನೋಡಿದರೆ ಅದರ ಮರ್ಮವೆಲ್ಲ ಈ ಒಂದು ಮಾತಿನಲ್ಲಿಯೇ ಅಡಗಿದೆಯೆಂದು ನಮಗೆ ತೋರುತ್ತದೆ.

ಪಾಶ್ಚಾತ್ಯರ ತಂತಿಮೇಳದಲ್ಲಿ ನಾಲ್ಕು ಜಾತಿಯ ವಾದ್ಯಗಳಿರುತ್ತವೆ. ಪಿಟೀಲು ನಮಗೆ ಗೊತ್ತಿರುವುದೇ. ಮೇಳದಲ್ಲಿ ಅದನ್ನು ಒಂದನೆಯ ಪಂಕ್ತಿ ಎರಡನೆಯ ಪಂಕ್ತಿಯೆಂದು ವಿಂಗಡಿಸಿ ಬೇರೆ ಬೇರೆ ಪಾಠ ಕೊಡುತ್ತಾರೆ. ಅದಕ್ಕಿಂತ ಸ್ವಲ್ಪ ದೊಡ್ಡದಾಗಿ, ಕೆಳಗಿನ ಶ್ರುತಿಯಲ್ಲಿ ನುಡಿಯುವುದು ವಯೋಲ. ವಯೋಲಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗಿನದು ಚೆಲ್ಲೊ. ಅದನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವರು. ಎಲ್ಲಕ್ಕೂ ಕೆಳಗೆ ಆಳೆತ್ತರದ ಡಬಲ್ ಬಾಸ್. ಮೊದಲ ಮೂರರ ತಂತಿಗಳನ್ನು ಷಡ್ಜಪಂಚಮದ ಅಂತರದಲ್ಲಿ ಕೂಡಿಸಿದರೆ, ಡಬಲ್ ಬಾಸಿನ ತಂತಿಗಳನ್ನು ಷಡ್ಜಮಧ್ಯಮದ ಅಂತರದಲ್ಲಿ ಕೂಡಿಸುವರು. ವಾದ್ಯ ದೊಡ್ಡದಾದುದರಿಂದ ಸ್ವರಸ್ವರಕ್ಕೆ ಬೆರಳು ದೂರ ಹೋಗಬೇಕಾಗುವುದು, ಅಂತರ ಕಡಮೆಯಾದರೆ ಕೈಗೆ ಅಷ್ಟು ಸಲೀಸು. ಹೀಗೆ ಮೂರು ಸ್ಥಾನಗಳ ವ್ಯಾಪ್ತಿ ಸಿದ್ಧವಾಯಿತು. ಸಾಮಾನ್ಯ ಶ್ರೋತೃಗಳು ಮೇಲಿನ ಪಿಟೀಲನ್ನು ಮಾತ್ರ ಕೇಳುತ್ತಾರೆ. ವಯೋಲವನ್ನಂತೂ ಬೇರೆಯಾಗಿ ಗುರುತಿಸುವವರು ಅಪರೂಪ. ಒಗ್ಗರಣೆಯಲ್ಲಿ ಇಂಗು ಇದ್ದಾಗ ಯಾರೂ ಅದರ ಮಾತೆತ್ತುವುದಿಲ್ಲ. ಇಲ್ಲದಿದ್ದಾಗ ಊಟಕ್ಕೆ ಕುಳಿತವರೆಲ್ಲ ಏನೋ ಕಡಮೆಯಾಗಿದೆಯೆನ್ನುತ್ತಾರೆ. ಅದೇ ಕಥೆ.

ಇನ್ನು ಶ್ರುತಿ. ನಮ್ಮಲ್ಲಿ ಗಾಯಕರ ಕಂಠಕ್ಕೆ ತಕ್ಕಂತೆ ಷಡ್ಜವನ್ನು ಏರಿಸಿ ಇಳಿಸಿಕೊಳ್ಳುತ್ತೇವೆ. ಅವರಲ್ಲಿ ಒಂದು ಸ್ವರಕ್ಕೆ ಕ್ಷಣಕ್ಕೆ ೪೪೦ ಕಂಪನಗಳೆಂದು ೧೯೩೯ರಲ್ಲಿ ಲಂಡನ್ನಿನ ಸಮ್ಮೇಳನವೊಂದರಲ್ಲಿ ಗೊತ್ತುಮಾಡಿಕೊಂಡರು. ಕಚೇರಿಗೆ ಮೊದಲು ಮುಂದಾಳು ಪಿಟೀಲುಗಾರನು ಆ ಸ್ವರವನ್ನು ಹಿಡಿಯುವನು, ಉಳಿದವರು ಅದಕ್ಕೆ ತಮ್ಮ ಬಿರಡೆಗಳನ್ನು ತಿರುಗಿಸಿ ಕೂಡಿಸಿಕೊಳ್ಳುವರು. ಒಬ್ಬನ ತಂತಿ ೪೪೦, ಪಕ್ಕದವನದು ೪೪೨ ಆಗಿದ್ದರೆ, ಎರಡೂ ಸೇರಿ ಕ್ಷಣಕ್ಕೆ ಎರಡು ಬಾರಿ ನಾದ ಉಬ್ಬಿ ತಗ್ಗುವುದು ಕೇಳಿಸುತ್ತದೆ. ತಂಬೂರಿ ಕೂಡಿಸುವಾಗ ಮನೆಯ ಹೆಣ್ಣುಮಕ್ಕಳು ಕಿವಿಗೊಟ್ಟು ಹುಡುಕುವುದೂ ಈ ಅಲೆಯನ್ನೇ. ಅಲೆ ನಿಧಾನವಾಗುತ್ತ ಬಂದು ನಿಂತಿತೋ, ಶ್ರುತಿ ಸೇರಿತು. ಪಿಟೀಲಿಗೆ ವೀಣೆಯಂತೆ ಮೆಟ್ಟಿಲುಗಳಿಲ್ಲವಾದುದರಿಂದ ಒಮ್ಮೆ ಕೂಡಿಸಿದೊಡನೆ ಕೆಲಸ ಮುಗಿಯುವುದಿಲ್ಲ. ಪ್ರತಿಯೊಂದು ಸ್ವರವನ್ನೂ ಬೆರಳು ಹುಡುಕಿಯೇ ಹಿಡಿಯಬೇಕು. ಮೇಳದಲ್ಲಿ ಕುಳಿತವನು ಹೀಗೆ ನುಡಿಸುತ್ತಿರುವಾಗಲೂ ಪಕ್ಕದವನನ್ನು ಕೇಳುತ್ತಲೇ ಇರುತ್ತಾನೆ. ತನ್ನ ಪಿಟೀಲೇ ತನಗೆ ಸ್ಪಷ್ಟವಾಗಿ ಬೇರೆ ಕೇಳಿಸತೊಡಗಿದರೆ, ತಾನು ಸರಿಯಾಗಿದ್ದೇನೆ ಎಂದು ಹಿಗ್ಗುವುದಿಲ್ಲ. ತಾನು ಹೊರಗೆ ಚಾಚಿಕೊಂಡಿದ್ದೇನೆಂದು ತಿಳಿದು ತಗ್ಗುತ್ತಾನೆ. ಪಾಠಶಾಲೆಯ ಪ್ರಾರ್ಥನೆಯನ್ನು ಎಷ್ಟೋ ವರ್ಷ ನಡೆಸಿದ ನಮಗೆ ಈ ವಿದ್ಯೆಯ ಬೆಲೆ ಚೆನ್ನಾಗಿ ಗೊತ್ತು. ಇನ್ನೂರು ಮಕ್ಕಳ ಪ್ರಾರ್ಥನೆಯನ್ನು ಕೆಡಿಸಲು ಒಳ್ಳೆಯ ಕಂಠವಿರುವ ಒಬ್ಬ ಹುಡುಗ ಸಾಕು.

ಕಿವಿ ಶ್ರುತಿಯನ್ನು ನೋಡಿಕೊಂಡರೆ ತಾಳವನ್ನು ನೋಡಿಕೊಳ್ಳುವುದು ಕಣ್ಣು. ಇದು ವಿಚಿತ್ರವಾಗಿ ಕಂಡರೂ ನಿಜ. ಶಬ್ದವು ಕ್ಷಣಕ್ಕೆ ಸುಮಾರು ೩೪೦ ಮೀಟರು ಓಡುತ್ತದೆ. ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಹತ್ತು ಮೀಟರು ದೂರವಿದ್ದರೆ ನಾದವು ಅಲ್ಲಿ ತಲಪಲು ಕ್ಷಣದ ನೂರರಲ್ಲಿ ಮೂರು ಪಾಲು ಹಿಡಿಯುವುದು. ಹಿಂದಿನವರು ಕೇಳಿಕೊಂಡೇ ನುಡಿಸಹೊರಟರೆ ಯಾವಾಗಲೂ ಅಷ್ಟು ಹಿಂದೆಯೇ. ಆದುದರಿಂದಲೇ ನಿರ್ದೇಶಕನ ಕೋಲು. ನಿಶ್ಶಬ್ದವಾದ ಆ ಕೋಲನ್ನು ನೋಡಿ ನಗುವವರುಂಟು. ಅದು ಹೇಳುವುದು ಈಗ ನಡೆಯುತ್ತಿರುವ ತಾಳವನ್ನಲ್ಲ, ಮುಂದೆ ಬರುವ ತಾಳವನ್ನು. ಕೋಲು ಮೇಲೇರುವಾಗಲೇ ಮೂವತ್ತು ಕೈಗಳು ಸಿದ್ಧವಾಗುತ್ತವೆ, ಇಳಿದಾಗ ಒಟ್ಟಿಗೆ ನುಡಿಯುತ್ತವೆ. ಸಣ್ಣ ಮೇಳಗಳಲ್ಲಿ ಕೋಲೂ ಇಲ್ಲ. ಮುಂದಾಳು ಪಿಟೀಲುಗಾರನ ಭುಜ, ಅವನು ಉಸಿರು ಎಳೆದುಕೊಳ್ಳುವ ರೀತಿ, ಕಮಾನು ತಂತಿಗೆ ತಾಕುವ ಮುನ್ನಿನ ಸಣ್ಣ ಅಲುಗು, ಇಷ್ಟೇ ಸಂಕೇತ.

ಕಮಾನು ಎಲ್ಲರದೂ ಒಂದೇ ದಿಕ್ಕಿಗೆ ಹೋಗುವುದು ನೋಟಕ್ಕೆ ಚೆಂದವೆಂದು ಮಾಡಿದ ಏರ್ಪಾಡಲ್ಲ. ಕಮಾನು ಕೈಯ ಕಡೆಯಿಂದ ಹೊರಟಾಗ ಭಾರ ಹೆಚ್ಚು, ತುದಿಯ ಕಡೆಯಿಂದ ಬರುವಾಗ ಹಗುರ. ಒತ್ತಿ ಹೇಳಬೇಕಾದ ಸ್ವರಕ್ಕೆ ಇಳಿಕಮಾನು, ಎತ್ತಿಕೊಳ್ಳುವ ಸ್ವರಕ್ಕೆ ಏರುಕಮಾನು. ಮುಂದಾಳು ತನ್ನ ಹಾಳೆಯಲ್ಲಿ ಇದರ ಗುರುತು ಹಾಕಿದರೆ ಅದು ಸಾಲಿನಿಂದ ಸಾಲಿಗೆ ಹಿಂದಕ್ಕೆ ಸಾಗುತ್ತದೆ. ಇಬ್ಬರಿಗೆ ಒಂದೇ ಹಾಳೆ, ಒಂದೇ ಪೀಠ. ಪುಟ ತಿರುಗಿಸಬೇಕಾದಾಗ ಒಳಬದಿಯವನು ಕಮಾನನ್ನು ಬಿಟ್ಟು ಪುಟ ತಿರುಗಿಸುವನು. ಹೊರಬದಿಯವನು ಇಬ್ಬರ ಪಾಲನ್ನೂ ನುಡಿಸುವನು. ಶಾರ್ಙ್ಗದೇವನು ಹೇಳಿದ ತ್ರುಟಿತನಿರ್ವಾಹ ಇಲ್ಲಿಂದಲೇ ಆರಂಭವಾಗುವುದು.

ಅದರ ಪೂರ್ಣರೂಪವನ್ನು ಕೇಳಬೇಕಾದರೆ ದೀರ್ಘಸ್ವರವನ್ನು ಕೇಳಬೇಕು. ಕಮಾನಿನ ಉದ್ದ ಎರಡೂವರೆ ಅಡಿ. ಎಂತಹ ವಿದ್ವಾಂಸನಾದರೂ ಅದನ್ನು ಗಟ್ಟಿಯಾಗಿ ಎಳೆದರೆ ಕೆಲವು ಕ್ಷಣಗಳಲ್ಲಿ ತುದಿ ಬಂದೇ ಬರುವುದು. ತಿರುಗಿಸಬೇಕು, ತಿರುಗಿಸಿದ ಕಡೆ ನಾದದಲ್ಲಿ ಒಂದು ಮಡಿಕೆ ಬೀಳುವುದು. ಹಾಡುವವರಿಗೂ ಹೀಗೆಯೇ, ಉಸಿರು ಮುಗಿಯುತ್ತದೆ. ಇಂತಹ ಕಡೆ ಮೇಳದವರು ಕಮಾನಿನ ಏಕತೆಯನ್ನು ಬೇಕೆಂದೇ ಮುರಿಯುತ್ತಾರೆ. ಒಬ್ಬನು ತಿರುಗಿಸುವಾಗ ಪಕ್ಕದವನು ಕಮಾನಿನ ನಡುವಿನಲ್ಲಿರುತ್ತಾನೆ. ಅವನ ಸರದಿ ಬಂದಾಗ ಇವನು ಹಿಡಿದಿರುತ್ತಾನೆ. ಪ್ರತಿಯೊಬ್ಬನ ನಾದವೂ ಕಡಿಯುತ್ತದೆ, ಮೇಳದ ನಾದ ಮಾತ್ರ ಎಲ್ಲಿಯೂ ಕಡಿಯುವುದಿಲ್ಲ. ಒಬ್ಬನೇ ನುಡಿಸಲಾರದುದನ್ನು ಮೂವತ್ತು ಜನ ನುಡಿಸುತ್ತಾರೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ. ಇಲ್ಲಿಗೆ ಮೊದಲಿನ ಪ್ರಶ್ನೆಗೂ ಉತ್ತರವಾಯಿತು.

ಒಬ್ಬೊಬ್ಬರ ಪಾಲೇನೆಂಬುದು ಅವರು ಎದ್ದುಹೋದಾಗ ಗೊತ್ತಾಗುತ್ತದೆ. ಇದಕ್ಕೆ ಆಸ್ಟ್ರಿಯ ದೇಶದ ಹೈಡನ್ ಎಂಬ ಮಹಾಗೀತಕಾರನ ಕಥೆಯೊಂದುಂಟು. ಎಸ್ಟರ್‌ಹಾಜಿ ಮನೆತನದ ಪ್ರಭುವು ೧೭೭೨ರಲ್ಲಿ ತನ್ನ ಬೇಸಗೆಯ ಅರಮನೆಯಲ್ಲಿ ಬಹುಕಾಲ ನಿಂತುಬಿಟ್ಟನು. ವಾದ್ಯಗಾರರ ಹೆಂಡತಿಮಕ್ಕಳು ದೂರದ ಐಸೆನ್‌ಷ್ಟಾಟಿನಲ್ಲಿ. ಮನೆಗೆ ಕಳುಹಿಸೆಂದು ದೊರೆಯನ್ನು ಬಾಯಿಬಿಟ್ಟು ಕೇಳುವ ಹಾಗಿಲ್ಲ. ಹೈಡನ್ನನು ಒಂದು ಹೊಸ ಕೃತಿಯನ್ನು ರಚಿಸಿ, ಅದರ ಕೊನೆಯ ಭಾಗದಲ್ಲಿ ವಾದ್ಯಗಾರರು ಒಬ್ಬೊಬ್ಬರಾಗಿ ನಿಲ್ಲಿಸಿ, ತಮ್ಮ ಪೀಠದ ಮೇಣದ ದೀಪವನ್ನು ಆರಿಸಿ ಎದ್ದುಹೋಗುವಂತೆ ಏರ್ಪಡಿಸಿದನಂತೆ. ಊದುವ ವಾದ್ಯಗಳು ಹೋದವು, ಡಬಲ್ ಬಾಸ್ ನಿಂತಿತು, ನಾದದ ನೆಲವೇ ಜಾರಿದಂತಾಯಿತು, ಚೆಲ್ಲೊ ಹೋಯಿತು, ಕೊನೆಗೆ ಎರಡೇ ಪಿಟೀಲುಗಳು ಮೆಲ್ಲಗೆ ನುಡಿದು ಮುಗಿಸಿದವು. ದೊರೆಗೆ ಅರ್ಥವಾಯಿತು, ಮರುದಿನವೇ ಪ್ರಯಾಣ ಹೊರಟರು ಎಂದು ಹೇಳುತ್ತಾರೆ. ಮೇಳವನ್ನು ಬಿಚ್ಚಿ ತೋರಿಸುವ ಪಾಠ ಇದಕ್ಕಿಂತ ಚೆನ್ನಾದುದನ್ನು ನಾವು ಕಾಣೆವು. ಧ್ವನಿಮುದ್ರಿಕೆ ಈಗ ಸುಲಭವಾಗಿ ಸಿಕ್ಕುತ್ತದೆ. ಹೈಡನ್ನನ ೪೫ನೆಯ ಸಿಂಫನಿಯೆಂದು ಕೇಳಿದರೆ ಸಾಕು.

ನಮ್ಮ ನಾಡಿನಲ್ಲಿ ಮೇಳವು ಬೇರೂರಿದ್ದು ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರವರು (೧೮೮೪–೧೯೪೦) ತಾವೇ ಹಲವು ವಾದ್ಯಗಳನ್ನು ಬಲ್ಲವರಾಗಿದ್ದು, ಅರಮನೆಯಲ್ಲಿ ಪಾಶ್ಚಾತ್ಯ ಮೇಳವನ್ನೂ ಕರ್ಣಾಟಕ ವಾದ್ಯವೃಂದವನ್ನೂ ಸಾಕಿದರು. ಆಸ್ಥಾನದ ವೀಣೆ ವೆಂಕಟಗಿರಿಯಪ್ಪನವರು (೧೮೮೭–೧೯೫೨) ವಾದ್ಯಗಳಿಗೇ ಒಪ್ಪುವ ನಗ್ಮಾ ಎಂಬ ರಚನೆಗಳನ್ನು ಮಾಡಿದರು. ಜಯಚಾಮರಾಜ ಒಡೆಯರವರ ಪೋಷಣೆ ಸಮುದ್ರದಾಚೆಗೂ ಹೋಯಿತು. ಲಂಡನ್ನಿನ ಫಿಲ್ಹಾರ್ಮೋನಿಯ ಮೇಳದ ಕಚೇರಿಗಳನ್ನು ನಡೆಸುತ್ತಿದ್ದ ಸಂಸ್ಥೆಗೆ ಅವರೇ ಮೊದಲ ಅಧ್ಯಕ್ಷರು.

ಇದೇ ಮೈಸೂರಿನಲ್ಲಿ ಪಿಟೀಲು ಚೌಡಯ್ಯನವರು ತದ್ವಿರುದ್ಧವಾದ ದಾರಿಯನ್ನು ಹಿಡಿದರು. ನಾಲ್ಕು ತಂತಿಗಳಿಗೆ ಮೂರು ಜೊತೆತಂತಿಗಳನ್ನು ಸೇರಿಸಿ, ಒಂದೇ ಕಮಾನಿನಿಂದ ಎರಡು ಸ್ಥಾಯಿಗಳು ನುಡಿಯುವಂತೆ ಏಳು ತಂತಿಯ ಪಿಟೀಲನ್ನು ಮಾಡಿಕೊಂಡರು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ದೊಡ್ಡ ಸಭೆಯ ಕೊನೆಗೂ ಕೇಳಿಸಬೇಕಾಗಿತ್ತು. ಒಬ್ಬರೇ ಒಂದು ಪುಟ್ಟ ಮೇಳವಾಗಿ ಕುಳಿತರೆಂದು ಹೇಳಬಹುದು. ಬೆಂಗಳೂರಿನಲ್ಲಿ ೧೯೮೦ರಲ್ಲಿ ಅವರ ಹೆಸರಿನ ಸಭಾಭವನವನ್ನು ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ್ದಾರೆ.

ಮೇಳದ ದಾರಿ ನಮ್ಮ ಸಂಗೀತಕ್ಕೆ ಸುಲಭವಲ್ಲವೆಂಬುದನ್ನು ಮರೆಮಾಡುವುದಿಲ್ಲ. ಪಾಶ್ಚಾತ್ಯರಲ್ಲಿ ಸ್ವರವು ನಿಂತಲ್ಲಿ ನಿಲ್ಲುವುದು. ಹಾಳೆಯಲ್ಲಿ ಬರೆದರೆ ಮುಗಿಯಿತು. ನಮ್ಮ ತೋಡಿಯ ಗಾಂಧಾರವನ್ನು ಬರೆಯುವುದು ಹೇಗೆ? ಅದು ತೂಗುವ ಸ್ವರ. ಒಂದು ಗುರುಪರಂಪರೆಯವರು ತೂಗುವಂತೆ ಮತ್ತೊಂದರವರು ತೂಗರು. ಇಪ್ಪತ್ತು ಪಿಟೀಲುಗಳು ಇಪ್ಪತ್ತು ರೀತಿಯಲ್ಲಿ ಗಾಂಧಾರವನ್ನು ತೂಗಿದರೆ ಅದು ಸಂಗೀತವಲ್ಲ, ಸಂತೆ. ಆದುದರಿಂದ ಗಮಕಗಳನ್ನೂ ಜಾರುಗಳನ್ನೂ ಒಬ್ಬರ ಬಾಯಿಂದಲೇ ಎಲ್ಲರೂ ಕಲಿಯಬೇಕು; ಹಾಳೆ ಬರಿಯ ನೆನಪಿನ ಗುರುತು. ರಾಗಾಲಾಪನೆ, ಕಲ್ಪನಾಸ್ವರಗಳನ್ನು ಬಿಡಲೇಬೇಕು. ಮನೋಧರ್ಮವೆಂಬುದು ಒಬ್ಬರ ಮನಸ್ಸಿನ ಧರ್ಮ, ಇಪ್ಪತ್ತು ಮನಸ್ಸುಗಳದು ಅದೇ ಕ್ಷಣದಲ್ಲಿ ಒಂದಾಗಲಾರದು. ಇದು ಸಣ್ಣ ನಷ್ಟವಲ್ಲ. ಮೇಳವು ಕಚೇರಿಯ ಸ್ಥಾನವನ್ನು ಹಿಡಿಯಬೇಕೆಂದು ಯಾರಾದರೂ ಹೇಳಿದರೆ ನಾವು ಒಪ್ಪುವವರಲ್ಲ. ಆಕಾಶವಾಣಿಯು ೧೯೫೨ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ವಾದ್ಯವೃಂದವನ್ನು ಕಟ್ಟಿ, ಹಿಂದೂಸ್ಥಾನಿ ಕಡೆಗೆ ರವಿಶಂಕರರನ್ನೂ ಕರ್ಣಾಟಕ ಸಂಗೀತದ ಕಡೆಗೆ ಟಿ.ಕೆ. ಜಯರಾಮ ಅಯ್ಯರವರನ್ನೂ ನಿಯಮಿಸಿದಾಗ ಅವರೆದುರಿಗಿದ್ದ ತೊಡಕೂ ಇದೇ.

ಇನ್ನೊಂದು ತೊಡಕು ಅನ್ನದ್ದು. ಕಚೇರಿಗೆ ನಾಲ್ವರಿಗೆ ಸಂಭಾವನೆ ಕೊಟ್ಟರೆ ಸಾಕು; ಮೇಳಕ್ಕೆ ಮೂವತ್ತು ಸಂಸಾರಗಳು ವರ್ಷವಿಡೀ ಉಣ್ಣಬೇಕು, ಏಕೆಂದರೆ ಅವರು ದಿನವೂ ಕೂಡಿ ಅಭ್ಯಾಸಮಾಡದಿದ್ದರೆ ಮೇಳವೇ ಇಲ್ಲ. ಅರಮನೆಯ ಆಶ್ರಯ ಹೋದ ಮೇಲೆ ಮೈಸೂರಿನ ಆ ಪರಂಪರೆ ಪೊಲೀಸ್ ಇಲಾಖೆಯ ವಾದ್ಯಮೇಳಗಳಲ್ಲಿ ಉಳಿದುಕೊಂಡಿತು. ದಸರೆಯ ದಿನಗಳಲ್ಲಿ ಅರಮನೆಯ ಮುಂದೆ ನಡೆಯುವ ಸಾಮೂಹಿಕ ವಾದ್ಯಮೇಳವನ್ನು ಕೇಳಲು ಹೋಗುವವರು, ದೀಪಾಲಂಕಾರದ ಕಡೆಯಿಂದ ಸ್ವಲ್ಪ ಕಣ್ಣು ತೆಗೆದು ಹಿಂದಿನ ಸಾಲಿನವರ ಕೈಗಳನ್ನು ನೋಡಲಿ.

ನಮ್ಮ ಜಿಲ್ಲೆಯವರಿಗಂತೂ ಈ ವಿಷಯದಲ್ಲಿ ಹಕ್ಕಿದೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ, ಕಾವೇರಿಯ ದಡದ ಆ ಸಣ್ಣ ಗ್ರಾಮ, ನಾಡಿಗೆ ಕೊಟ್ಟ ವಿದ್ವಾಂಸರನ್ನು ಎಣಿಸಲು ಎರಡು ಕೈಗಳ ಬೆರಳು ಸಾಲವು. ಆರ್.ಕೆ. ಶ್ರೀಕಂಠನ್‌ರವರು (೧೯೨೦–೨೦೧೪) ಆ ಊರಿನವರೇ. ಅವರ ಅಣ್ಣಂದಿರಾದ ವೆಂಕಟರಾಮಶಾಸ್ತ್ರಿಗಳು ಪಿಟೀಲಿನ ವಿದ್ವಾಂಸರು. ಈಗ ಅಲ್ಲಿ ತಂಬೂರಿಯ ಆಕಾರದ ಒಂದು ಮಂದಿರವೂ ಇದೆ. ತಂಬೂರಿಯೂ ತಂತಿಯ ವಾದ್ಯವೇ. ನಾಲ್ಕೇ ತಂತಿಗಳ ಮೇಳವೆನ್ನಿ.

ಪುಷ್ಯ ಬಹುಳ ಪಂಚಮಿಯ ತ್ಯಾಗರಾಜರ ಆರಾಧನೆಯಲ್ಲಿ ಪಂಚರತ್ನ ಕೃತಿಗಳನ್ನು ಎಲ್ಲರೂ ಕೂಡಿ ಹಾಡುವ, ನುಡಿಸುವ ಪದ್ಧತಿ ಈಗ ಸಣ್ಣ ಊರುಗಳಿಗೂ ಬಂದಿದೆ. ನಮ್ಮವರಿಗೆ ಕೈಗೆಟಕುವ ವೃಂದವೆಂದರೆ ಇದೇ. ಅಲ್ಲಿ ಹತ್ತು ಊರಿನವರು, ಹತ್ತು ಗುರುಗಳ ಶಿಷ್ಯರು ಸೇರುವರು. ಪಾಠಾಂತರದಿಂದ ಘನರಾಗದ ಕೃತಿಯೂ ನಡುವೆ ಎರಡು ಹೋಳಾಗುವುದುಂಟು. ನಾವು ಗಮನಿಸಿರುವುದೇನೆಂದರೆ, ಅಂತಹ ಸಮಯದಲ್ಲಿ ತಮ್ಮ ಪಾಠವೇ ಸರಿಯೆಂದು ಗಂಟಲು ಏರಿಸುವವರು ಸಾಮಾನ್ಯವಾಗಿ ಅರ್ಧ ಕಲಿತವರು. ಬಲ್ಲವರು ಒಂದು ಆವರ್ತ ಸುಮ್ಮನಿದ್ದು, ಮುಖ್ಯರ ದಾರಿಯನ್ನು ಕೇಳಿಕೊಂಡು, ಮುಂದಿನ ಎಡುಪಿಗೆ ಸೇರಿಕೊಳ್ಳುವರು.

ಮಕ್ಕಳಿಗೆ ಸಂಗೀತ ಹೇಳಿಸುವ ಗೃಹಸ್ಥರು ಸಾಮಾನ್ಯವಾಗಿ ಒಂದೊಂದು ಮಗುವನ್ನು ಒಂದೊಂದು ಕೋಣೆಯಲ್ಲಿ ಕೂರಿಸಿ ಸಾಧನೆ ಮಾಡಿಸುತ್ತಾರೆ. ಅದು ಬೇಕಾದದ್ದೇ. ಆದರೆ ಅಣ್ಣತಂಗಿಯರಿಬ್ಬರು ಪಿಟೀಲು ಕಲಿಯುತ್ತಿದ್ದರೆ, ಅಥವಾ ನೆರೆಮನೆಯ ಮಗುವೂ ಕಲಿಯುತ್ತಿದ್ದರೆ, ವಾರಕ್ಕೊಂದು ಸಂಜೆ ಒಂದೇ ತಂಬೂರಿಯ ಮುಂದೆ ಎಲ್ಲರನ್ನೂ ಕೂರಿಸಿ ನೋಡಿರಿ. ಮೊದಲು ಮಧ್ಯಷಡ್ಜವೊಂದನ್ನೇ ಹಿಡಿಸುವುದು. ಚೆನ್ನಾಗಿ ಬಲ್ಲ ಮಗು ದನಿಯನ್ನು ತಗ್ಗಿಸಿ, ಚಿಕ್ಕ ಮಗುವಿನ ಕಮಾನು ತುದಿಗೆ ಬರುವಾಗ ತನ್ನ ಕಮಾನು ನಡುವಿನಲ್ಲಿರುವಂತೆ ನೋಡಿಕೊಳ್ಳಲಿ. ಅಡುಗೆಮನೆಯಲ್ಲಿರುವವರೇ ಪರೀಕ್ಷಕರು. ಕಮಾನು ತಿರುಗಿದ್ದು ಯಾವಾಗಲೆಂದು ಅವರು ಅಲ್ಲಿಂದಲೇ ಹೇಳಬಲ್ಲರಾದರೆ, ಇನ್ನೊಮ್ಮೆ ನುಡಿಸತಕ್ಕದ್ದು.